ಕಣ್ಣಿಗಲ್ಲ, ಮಣಿಕಟ್ಟಿಗೆ ಕೊಳ್ಳುವ ಕತ್ತಿ

ಗೋಡೆಗೆ ನೇತುಹಾಕುವ ಕತ್ತಿ ಬೇಕೋ, ಕೈಗೆ ತೆಗೆದುಕೊಂಡು ಬೀಸುವ ಕತ್ತಿ ಬೇಕೋ? ಯುರೋಪಿನ ಮಧ್ಯಯುಗದ ಕತ್ತಿಯ ಪ್ರತಿಕೃತಿ ಕೊಳ್ಳಬೇಕೆಂದು ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ‘ಎರಡಕ್ಕೂ ಆಗಬೇಕು ಸಾರ್’ ಅನ್ನುವವರೇ ಹೆಚ್ಚು. ಎರಡಕ್ಕೂ ಆಗುವ ಕತ್ತಿ ಇದೆ. ಆದರೆ ಹಿಡಿಗೆ ಡ್ರ್ಯಾಗನ್ ತಲೆ ಅಂಟಿಸಿ, ಫಳಫಳ ಹೊಳೆಯಿಸಿ ಆನ್‌ಲೈನ್ ಅಂಗಡಿಯಲ್ಲಿ ಅಗ್ಗಕ್ಕೆ ಮಾರುತ್ತಾರಲ್ಲ, ಅದಲ್ಲ.

ಆ ಹೊಳಪು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನದು. ಅಡುಗೆಮನೆಯ ಚಾಕುವಿಗೆ ಒಳ್ಳೆಯ ಲೋಹ, ಮೂರಡಿ ಅಲಗಿಗೆ ಒಗ್ಗುವುದಿಲ್ಲ. ಪೆಟ್ಟು ಬಿದ್ದಾಗ ಬಳುಕಿ ನೆಟ್ಟಗಾಗುವ ಬದಲು ಪಟ್ಟನೆ ಮುರಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹಿಡಿಯೊಳಗೆ ಅಡಗಿರುತ್ತದೆ. ಅಲಗಿನ ಬುಡ ಹಿಡಿಯೊಳಗೆ ಹೋಗುವ ಭಾಗವನ್ನು ಟ್ಯಾಂಗ್ ಅನ್ನುತ್ತಾರೆ. ಒಳ್ಳೆಯ ಕತ್ತಿಯಲ್ಲಿ ಅದು ಅಲಗಿನದೇ ಉಕ್ಕು. ಅಗಲವಾಗಿ ಹಿಡಿಯುದ್ದಕ್ಕೂ ಸಾಗಿ, ತುದಿಯ ಲೋಹದ ಗುಂಡನ್ನು, ಅಂದರೆ ಪಾಮೆಲ್ಲನ್ನು, ತೂರಿ ಹೊರಗೆ ಬಂದಿರುತ್ತದೆ. ಹೊರಬಂದ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ರಿವೆಟ್ಟಿನ ಹಾಗೆ ಕೂರಿಸಿರುತ್ತಾರೆ. ಅಗ್ಗದ ಮಾಲಿನಲ್ಲಿ ತೆಳ್ಳನೆಯ ಬೋಲ್ಟೊಂದನ್ನು ಅಲಗಿಗೆ ವೆಲ್ಡ್ ಮಾಡಿ, ಕೊನೆಯಲ್ಲಿ ನಟ್ ಬಿಗಿದಿರುತ್ತಾರೆ. ಬೀಸುವಾಗ ಆ ವೆಲ್ಡ್ ಬಿಟ್ಟುಕೊಂಡರೆ ಹಿಡಿ ನಿಮ್ಮ ಕೈಯಲ್ಲಿ, ಅಲಗು ಪಕ್ಕದ ಮನೆಯ ಅಂಗಳದಲ್ಲಿ. ನಟ್ ಹಾಕಿದ್ದೆಲ್ಲ ಕೆಟ್ಟದ್ದು ಎಂದು ಅರ್ಥವಲ್ಲ, ಒಳಗಿನ ಟ್ಯಾಂಗ್ ದಪ್ಪವಾಗಿದ್ದರೆ ಅದೂ ನಡೆಯುತ್ತದೆ. ಮಾರುವವನನ್ನು ಟ್ಯಾಂಗಿನ ಫೋಟೊ ಕೇಳಿ. ಕಳಿಸಲು ಮೀನಮೇಷ ಎಣಿಸಿದನೋ, ಅಲ್ಲಿಗೆ ಬಿಡಿ.

ಬೇಕಾದದ್ದು ಕಾರ್ಬನ್ ಉಕ್ಕು. 1060, 5160, 6150 ಎಂಬ ಅಂಕಿಗಳನ್ನು ನೋಡುತ್ತೀರಿ. ಇವುಗಳಲ್ಲಿ 5160 ಲಾರಿಯ ಸ್ಪ್ರಿಂಗ್ ಪ್ಲೇಟಿನ ಜಾತಿಯದು. ನಮ್ಮೂರ ಕಮ್ಮಾರರು ಹಳೇ ಪ್ಲೇಟು ತಂದುಕೊಟ್ಟರೆ ಖುಷಿಯಿಂದ ಕತ್ತಿ ತಟ್ಟಿಕೊಡುವುದು ಸುಮ್ಮನೆ ಅಲ್ಲ. ಉಕ್ಕಿನ ಹೆಸರಿಗಿಂತ ಹದ ಮುಖ್ಯ. ರಾಕ್‌ವೆಲ್ ಸಿ ಗಡಸುತನದ ಮಾಪನದಲ್ಲಿ 50ರ ಆಸುಪಾಸು ಇದ್ದರೆ ಬಾಯಿಯೂ ನಿಲ್ಲುತ್ತದೆ, ಬೆನ್ನೂ ಬಳುಕುತ್ತದೆ.

ಇನ್ನು ತೂಕ. ಈ ಕತ್ತಿಗಳು ಹತ್ತು ಕೆಜಿ ಭಾರ, ಎತ್ತಲು ಭೀಮನೇ ಬೇಕು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಒಂದು ಕೈಯ ಕತ್ತಿ ಸಾಮಾನ್ಯವಾಗಿ 1ರಿಂದ 1.4 ಕೆಜಿ. ಎರಡು ಕೈಯಲ್ಲಿ ಹಿಡಿಯುವ ಲಾಂಗ್‌ಸೋರ್ಡ್ ಕೂಡ 1.8 ಕೆಜಿ ದಾಟುವುದು ಕಡಿಮೆ. ಹಾಗೆಂದು ತಕ್ಕಡಿಯನ್ನೇ ನಂಬಬೇಡಿ. ಒಂದೇ ತೂಕದ ಎರಡು ಕತ್ತಿಗಳಲ್ಲಿ ಒಂದು ಕೈಗೆ ಕೂಡಲೇ ಒಲಿಯುತ್ತದೆ, ಇನ್ನೊಂದು ಹಾರೆ ಹಿಡಿದ ಹಾಗಿರುತ್ತದೆ. ಗುಟ್ಟು ಅಲಗಿನ ದಪ್ಪದಲ್ಲಿದೆ. ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ. ಹಿಡಿಯ ಅಡ್ಡಪಟ್ಟಿಯ ಬಳಿ ಅಲಗು 6 ಮಿಲಿಮೀಟರ್ ಇದ್ದರೆ, ನಡುವಿಗೆ ಬರುವಾಗ 4ಕ್ಕೆ ಇಳಿದು ತುದಿಯ ಹತ್ತಿರ ಇನ್ನೂ ತೆಳುವಾಗಬೇಕು. ಬುಡದಿಂದ ತುದಿಯವರೆಗೆ ಒಂದೇ ದಪ್ಪ ತೋರಿಸಿದರೆ ಅದು ತಗಡು ಕತ್ತರಿಸಿ ಮಾಡಿದ ಆಕಾರ. ಬಳಿಕ ಬೆರಳ ಮೇಲೆ ಅಡ್ಡ ಇಟ್ಟು ತೂಗಿ: ಒಂದು ಕೈಯ ಕತ್ತಿ ಅಡ್ಡಪಟ್ಟಿಯಿಂದ 10–15 ಸೆಂಟಿಮೀಟರ್ ಆಚೆ ಸಮತೂಕಕ್ಕೆ ಬಂದರೆ ಚೆನ್ನ. ಕೊನೆಯದಾಗಿ, ಮೊನೆ ಮೇಲೆ ಮಾಡಿ ಹಿಡಿದು, ಪಾಮೆಲ್ಲನ್ನು ಇನ್ನೊಂದು ಅಂಗೈಯಿಂದ ತಟ್ಟಿ ಅಲಗನ್ನು ನೋಡಿ. ಮೇಲೆ ಕೆಳಗೆಲ್ಲ ನಡುಗುತ್ತದೆ, ತುದಿಯ ಕಡೆ ಒಂದು ಜಾಗ ಮಾತ್ರ ಅಲುಗದೆ ನಿಲ್ಲುತ್ತದೆ. ಪೆಟ್ಟು ಅಲ್ಲಿ ಬಿದ್ದರೆ ಕೈ ಜುಮ್ಮೆನ್ನುವುದಿಲ್ಲ. ತಟ್ಟಿದಾಗ ಹಿಡಿಯೊಳಗಿಂದ ಕಟಕಟ ಸದ್ದು ಬಂತೋ, ಜೋಡಣೆ ಸಡಿಲ.

ಅಂದಹಾಗೆ, ಅಲಗಿನ ನಡುವಿನ ಉದ್ದ ತೋಡು ಇರುವುದು ರಕ್ತ ಹರಿಯಲಿಕ್ಕೆ ಎಂದು ಹೇಳುವ ವ್ಯಾಪಾರಿಯಿಂದ ಏನನ್ನೂ ಕೊಳ್ಳಬೇಡಿ. ಬಿಗುವು ಕೆಡದಂತೆ ತೂಕ ಇಳಿಸಲು ಮಾಡಿದ ತೋಡು ಅದು.

ಯಾವ ಕಾಲದ ಕತ್ತಿ ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಇಂಗ್ಲೆಂಡಿನ ಆಯುಧ ತಜ್ಞ ಯೂವರ್ಟ್ ಓಕ್‌ಷಾಟ್ ಈ ಕತ್ತಿಗಳನ್ನು 10ರಿಂದ 22ರವರೆಗಿನ ರೋಮನ್ ಅಂಕಿಗಳ ವರ್ಗಗಳಾಗಿ ವಿಂಗಡಿಸಿಟ್ಟಿದ್ದಾರೆ. ತಯಾರಕರೂ ಸಂಗ್ರಾಹಕರೂ ಇವತ್ತಿಗೂ ಮಾತಾಡುವುದು ಅದೇ ಲೆಕ್ಕದಲ್ಲಿ. 13ನೇ ವರ್ಗ ಅಗಲವಾದದ್ದು, ಕಡಿಯಲಿಕ್ಕೆ. 15ನೆಯದು ಬುಡದಿಂದಲೇ ಕಿರಿದಾಗುತ್ತ ಹೋಗಿ ಸೂಜಿಮೊನೆಯಲ್ಲಿ ನಿಲ್ಲುತ್ತದೆ. ತಗಡಿನ ಕವಚ ಬಂದ ಮೇಲೆ ಕಡಿತ ನಾಟದೆ, ಸಂದು ಹುಡುಕಿ ತಿವಿಯಬೇಕಾಯಿತು. 12ನೇ ಶತಮಾನದ ಸರಪಳಿ ಅಂಗಿ ತೊಟ್ಟು ಈ 15ನೇ ವರ್ಗದ ಕತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಉತ್ತಮ ಮಾಲು ಎಲ್ಲಿ ಸಿಗುತ್ತದೆ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರಸ್ ಊರಿನ ಆಲ್ಬಿಯನ್ ಕಂಪನಿ ಈ ಹವ್ಯಾಸಿಗಳ ಕನಸು. ಮ್ಯೂಸಿಯಂಗಳಲ್ಲಿ ಮೂಲ ಕತ್ತಿಗಳನ್ನು ಅಳೆದು ತೂಗಿ ನೋಡುವ ಸ್ವೀಡನ್ನಿನ ಪೀಟರ್ ಜಾನ್ಸನ್ ಅವರ ವಿನ್ಯಾಸಗಳು ಅಲ್ಲಿವೆ. ಬೆಲೆ ಸಾವಿರ ಡಾಲರಿನ ಆಚೆ. ಸ್ವಾರಸ್ಯವೆಂದರೆ ಪಾಶ್ಚಾತ್ಯರ ಮನೆಗಳಲ್ಲಿರುವ ಪ್ರತಿಕೃತಿಗಳಲ್ಲಿ ಬಹಳಷ್ಟು ನಮ್ಮ ದೇಶದವೇ. ಡೆಹ್ರಾಡೂನಿನ ವಿಂಡ್‌ಲಾಸ್ 1943ರಲ್ಲಿ ಶುರುವಾದ ಕಂಪನಿ, ಗೂರ್ಖಾ ಸೈನಿಕರಿಗೆ ಖುಕ್ರಿ ಮಾಡಿಕೊಟ್ಟು ಬೆಳೆದದ್ದು. ಮೀರತ್ತಿನ ದೀಪಿಕಾ ಕಂಪನಿಯಿಂದ ರೋಮನ್ ಶಿರಸ್ತ್ರಾಣ, ಕವಚಗಳು ಹಡಗು ಹತ್ತುತ್ತವೆ.

ಈ ವ್ಯಾಪಾರ ಹಿಂದೊಮ್ಮೆ ತಿರುವುಮುರುವಾಗಿತ್ತು. 16–17ನೇ ಶತಮಾನಗಳಲ್ಲಿ ಯುರೋಪಿನ ನೇರ ಅಲಗುಗಳು ದಖ್ಖನಿಗೆ ಬಂದವು. ಇಲ್ಲಿನವರು ಅವಕ್ಕೆ ತಮ್ಮ ಹಿಡಿ ಕೂರಿಸಿ ಫಿರಂಗಿ ಎಂದು ಕರೆದರು. ಹಳೇ ಆಯುಧಗಳ ಸಂಗ್ರಹಕ್ಕೆ ಹೋದರೆ ಹಿಡಿ ನೋಡಿ ಮುಂದೆ ನಡೆಯಬೇಡಿ, ಅಲಗಿನ ಬುಡದ ಗುರುತು ನೋಡಿ. ಫಿರಂಗಿಯಾದರೆ ಪರದೇಶದ ಕುಲುಮೆಯ ಮುದ್ರೆ ಅಲ್ಲಿರಬಹುದು.

ಕವಚದ ವಿಷಯಕ್ಕೆ ಬಂದರೆ, 15ನೇ ಶತಮಾನದ ಪೂರ್ತಿ ತಗಡಿನ ಕವಚ 20–25 ಕೆಜಿ. ಭಾರ ಮೈಯೆಲ್ಲ ಹಂಚಿಹೋಗುವುದರಿಂದ ತೊಟ್ಟವನು ಓಡಬಹುದು, ಬಿದ್ದರೆ ತಾನೇ ಏಳಬಹುದು. ವೀರರನ್ನು ರಾಟೆಗೆ ಕಟ್ಟಿ ಕುದುರೆ ಹತ್ತಿಸುತ್ತಿದ್ದರು ಎಂಬ ಕಟ್ಟುಕತೆಗೆ ಲಾರೆನ್ಸ್ ಒಲಿವಿಯೆ ಅವರ 1944ರ ‘ಹೆನ್ರಿ ದಿ ಫಿಫ್ತ್’ ಸಿನಿಮಾ ಸಾಕಷ್ಟು ಇಂಬು ಕೊಟ್ಟಿತು. ಆದರೆ ಅಳತೆ ತಪ್ಪಿದ ಕವಚ ನಿಜಕ್ಕೂ ಸೆರೆಮನೆ. ಒಳಗೆ ತೊಡುವ ದಪ್ಪ ಹತ್ತಿಯ ಅಂಗಿಯನ್ನು ಮೊದಲು ಹೊಲಿಸಿ, ಅದನ್ನು ತೊಟ್ಟೇ ಅಳತೆ ಕೊಡಿ. ಬರಿಮೈಯ ಅಳತೆ ಕೊಟ್ಟರೆ ಎದೆಗವಚ ಮುಚ್ಚುವುದೇ ಇಲ್ಲ.

ಸರಪಳಿ ಅಂಗಿ ಕೊಳ್ಳುವವರು ಒಂದು ಉಂಗುರವನ್ನು ಬೆಳಕಿಗೆ ಹಿಡಿದು ನೋಡಬೇಕು. ತುದಿಗಳು ಬರೀ ಒಂದಕ್ಕೊಂದು ತಾಗಿದ್ದರೆ ಅಗ್ಗದ್ದು. ಅಂಗಿಯ ಭಾರಕ್ಕೇ ಉಂಗುರಗಳು ಬಾಯಿಬಿಟ್ಟು ಕಂಕುಳಲ್ಲಿ ತೂತು ಬೀಳುತ್ತದೆ. ಅಸಲಿನಲ್ಲಿ ತುದಿಗಳು ಒಂದರ ಮೇಲೊಂದು ಹತ್ತಿ, ಚಪ್ಪಟೆಯಾಗಿ, ನಡುವೆ ಸಾಸಿವೆಗಿಂತ ಚಿಕ್ಕ ರಿವೆಟ್ ಕೂತಿರುತ್ತದೆ. ಬೆಲೆ ಎಷ್ಟೋ ಪಟ್ಟು ಹೆಚ್ಚು, ಆದರೂ ನಾನು ಇದನ್ನೇ ಹೇಳುತ್ತೇನೆ. ತೊಟ್ಟ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿದರೆ ಅರ್ಧ ಭಾರ ಹೆಗಲಿಂದ ಇಳಿಯುತ್ತದೆ.

ನಮ್ಮ ಹವೆಯಲ್ಲಿ ಕಾರ್ಬನ್ ಉಕ್ಕು ಸಾಕುವುದು ಹುಡುಗಾಟವಲ್ಲ. ಮಂಗಳೂರಿನ ಮಳೆಗಾಲದಲ್ಲಿ ಒಬ್ಬ ನೆಂಟ ಅಲಗು ಮುಟ್ಟಿ ಮೆಚ್ಚಿ ಹೋದರೆ ಸಾಕು, ವಾರದೊಳಗೆ ಅವನ ಹೆಬ್ಬೆರಳಿನ ಗುರುತು ಕೆಂಪಗೆ ಮೂಡುತ್ತದೆ. ಬೆವರಿನ ಉಪ್ಪು ಅದು. ಮುಟ್ಟಿದಾಗಲೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ತೆಳ್ಳಗೆ ಸವರಿ. ಅಡುಗೆ ಎಣ್ಣೆ ಬೇಡ, ಕ್ರಮೇಣ ಅಂಟು ಹಿಡಿದು ಧೂಳು ಕೂರಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಬ್ರಿಟಿಷ್ ಮ್ಯೂಸಿಯಂನವರು ರೂಪಿಸಿದ ರೆನೆಸಾನ್ಸ್ ವ್ಯಾಕ್ಸ್ ಒಳ್ಳೆಯದು. ತುಕ್ಕು ಕಂಡರೆ ನುಣುಪು ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಅಲಗಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ತಿಕ್ಕಿ. ಸುತ್ತ ಸುತ್ತ ಉಜ್ಜಿದರೆ ಗೀರುಗಳು ಶಾಶ್ವತ. ಚರ್ಮದ ಒರೆಯಲ್ಲಿ ಕತ್ತಿಯನ್ನು ಬಿಡಬೇಡಿ, ಚರ್ಮ ತೇವ ಹೀರಿಟ್ಟುಕೊಂಡು ಒಳಗೊಳಗೇ ಅಲಗನ್ನು ತಿನ್ನುತ್ತದೆ. ಸರಪಳಿ ಅಂಗಿಗೆ ಮಧ್ಯಯುಗದವರದೇ ಉಪಾಯ ಇವತ್ತಿಗೂ ಸರಿ: ಪೀಪಾಯಿಯಲ್ಲಿ ಮರಳಿನ ಜೊತೆ ಹಾಕಿ ಉರುಳಿಸುವುದು. ಕವಚದಲ್ಲಿ ಮೊದಲು ಸೋಲುವುದು ಉಕ್ಕಲ್ಲ, ಚರ್ಮದ ಪಟ್ಟಿ. ಬಕಲ್ಲಿನ ಬಳಿ ಬಿರುಕು ಕಂಡ ದಿನವೇ ಬದಲಾಯಿಸಿ.

ಕಾನೂನಿನ ಮಾತೊಂದಿದೆ. ಮನೆ, ಕೃಷಿ, ಕೈಗಾರಿಕೆ, ವಿಜ್ಞಾನದ ಕೆಲಸಕ್ಕಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಹರಿತ ಅಲಗನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಎಣಿಸುತ್ತವೆ. ಆದ್ದರಿಂದ ಬಾಯಿ ತೆಗೆಯದ ಮೊಂಡು ಕತ್ತಿಯನ್ನೇ ಕೊಳ್ಳಿ, ಬಿಲ್ಲಿನಲ್ಲಿ ‘ಮೊಂಡು ಪ್ರತಿಕೃತಿ’ ಎಂದೇ ಬರೆಸಿಕೊಳ್ಳಿ, ತರಿಸುವ ಮುನ್ನ ಹತ್ತಿರದ ಠಾಣೆಯಲ್ಲಿ ಒಂದು ಮಾತು ಕೇಳಿ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವ ಉಪಾಯ ಮಾತ್ರ ಮಾಡಬೇಡಿ; ಕಸ್ಟಮ್ಸ್ ಕೌಂಟರಿನಲ್ಲಿ ಓಕ್‌ಷಾಟ್ ವರ್ಗೀಕರಣ ವಿವರಿಸುವ ಪಾಡು ಆ ನೆಂಟರದಾಗುತ್ತದೆ.