ಅನುಕರಣವೋ ಅನುಮಿತಿಯೋ? ತಗಡಿನ ರೂಪಣಶಾಸ್ತ್ರದ ಒಂದು ಶಬ್ದದ ವಿಮರ್ಶೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನಿರ್ಮಾಣವು 1918ರಲ್ಲಿ ಆರಂಭವಾಯಿತು. ಆ ವರ್ಷವೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಲೋಹದ ಉದ್ಯಮಕ್ಕೂ ಕನ್ನಡದ ಶಾಸ್ತ್ರಭಾಷೆಗೂ ಹೀಗೆ ಸಮಕಾಲದ ನಂಟುಂಟು. ಆ ಕಾರ್ಖಾನೆಯಿಂದ ಅನತಿದೂರದ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು, ವಿಜ್ಞಾನವು ಕನ್ನಡದಲ್ಲಿಯೇ ಬೋಧಿಸಲ್ಪಡಬೇಕೆಂದು ವಾದಿಸಿದ ಕವಿಯ ಹೆಸರನ್ನು ಧರಿಸಿದೆ. ಕಬ್ಬಿಣವೂ ಕಾವ್ಯಮೀಮಾಂಸೆಯೂ ನೆರೆಹೊರೆಯಾಗಿರುವ ಈ ಪ್ರದೇಶವನ್ನು ನೆನೆದಾಗ, ಯಂತ್ರಶಾಸ್ತ್ರದ ಒಂದು ಪರಿಭಾಷೆಯನ್ನು ಅಲಂಕಾರಶಾಸ್ತ್ರದ ಒರೆಗಲ್ಲಿನಲ್ಲಿ ಉಜ್ಜಿ ನೋಡುವುದು ಅಸಂಗತವೆನಿಸದು. ಗಣಕಯಂತ್ರದ ‘ಸಿಮ್ಯುಲೇಶನ್’ ಎಂಬುದಕ್ಕೆ ಕನ್ನಡದಲ್ಲಿ ‘ಅನುಕರಣ’ ಅಥವಾ ‘ಅನುಕರಣೆ’ ಎಂದು ಹೇಳುವ ವಾಡಿಕೆಯಿದೆ. ಈ ಶಬ್ದವು ಅರ್ಥವನ್ನು ಹೊರಬಲ್ಲುದೇ?

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಉಕ್ಕಿನ ತಗಡನ್ನು ಅಚ್ಚಿನ ಮೇಲಿಟ್ಟು, ಅಂಚನ್ನು ಅದುಮಿ ಹಿಡಿದು, ಮೇಲಿನಿಂದ ಒತ್ತಿದರೆ ಬಟ್ಟಲೋ ಮೋಟಾರುಗಾಡಿಯ ಬಾಗಿಲೋ ರೂಪುಗೊಳ್ಳುತ್ತದೆ. ಅಂಚನ್ನು ಸಡಿಲವಾಗಿ ಹಿಡಿದರೆ ನೆರಿಗೆ ಬೀಳುತ್ತದೆ; ಅತಿಯಾಗಿ ಬಿಗಿದರೆ ತಗಡು ತೆಳುವಾಗಿ ಸೀಳುತ್ತದೆ; ಎಲ್ಲವೂ ಸರಿಯಾಗಿದ್ದರೂ ಒತ್ತಡ ತೆಗೆದೊಡನೆ ತುಸು ಹಿಂದಕ್ಕೆ ಬಾಗಿ ಆಕಾರ ಕೆಡುತ್ತದೆ. ಅಚ್ಚನ್ನು ಕಡೆದ ಬಳಿಕ ಈ ದೋಷಗಳು ಕಂಡರೆ ನಷ್ಟವು ಬಹಳ. ಆದುದರಿಂದ ತಗಡನ್ನು ಸಾವಿರಾರು ಕಿರುಖಂಡಗಳಾಗಿ ಭಾವಿಸಿ, ಒಂದೊಂದರ ಹಿಗ್ಗು ಬಾಗುಗಳನ್ನು ಗಣಕಯಂತ್ರದಿಂದ ಹಂತಹಂತವಾಗಿ ಎಣಿಸಿ, ಫಲವನ್ನು ಮುಂದಾಗಿಯೇ ಅರಿಯುತ್ತಾರೆ.

‘ಅನುಕರಣ’ವೆಂಬುದು ನಮ್ಮ ರಸಶಾಸ್ತ್ರದಲ್ಲಿ ನುರಿತ ಶಬ್ದ. ನಟನು ರಾಮನನ್ನು ಅನುಕರಿಸುವನೆಂದೂ, ಪ್ರೇಕ್ಷಕನು ಚಿತ್ರದ ಕುದುರೆಯನ್ನು ಕುದುರೆಯೆಂದು ಗ್ರಹಿಸುವಂತೆ ನಟನಲ್ಲಿ ಭಾವವನ್ನು ಊಹಿಸುವನೆಂದೂ ಶಂಕುಕನ ಮತ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಖಂಡಿಸಿದನು. ಮೂಲವನ್ನು ಕಂಡವನಿಗಲ್ಲವೆ ಅನುಕರಣವು ಸಾಧ್ಯ? ರಾಮನನ್ನು ನಟನೂ ಕಂಡಿಲ್ಲ, ಪ್ರೇಕ್ಷಕನೂ ಕಂಡಿಲ್ಲ. ಈ ಆಕ್ಷೇಪವು ತಗಡಿನ ವಿಷಯದಲ್ಲಿ ಇನ್ನೂ ಬಲವಾಗಿ ನಿಲ್ಲುತ್ತದೆ. ರಾಮನಾದರೋ ಹಿಂದೆ ಇದ್ದವನು. ಇಲ್ಲಿ ಅಚ್ಚನ್ನು ಇನ್ನೂ ಕಡೆದಿಲ್ಲ, ಬಟ್ಟಲು ಇನ್ನೂ ಹುಟ್ಟಿಲ್ಲ. ಇಲ್ಲದುದನ್ನು ಅನುಕರಿಸುವ ಬಗೆ ಯಾವುದು?

ಶಂಕುಕನ ಮತದಲ್ಲಿಯೇ ಇರುವ ಇನ್ನೊಂದು ಶಬ್ದವು ಇಲ್ಲಿ ಹೊಂದುತ್ತದೆ: ಅನುಮಿತಿ. ತಗಡಿನ ಪಟ್ಟಿಯನ್ನು ಜಗ್ಗಿ ಪರೀಕ್ಷಿಸಿ ಪಡೆದ ಗುಣಗಳು ಹೇತು. ಲೋಹವು ಎಂತಹ ಒತ್ತಡಕ್ಕೆ ಮಣಿಯುವುದೆಂಬ ನಿಯಮವು ವ್ಯಾಪ್ತಿ. ನೆರಿಗೆ, ಸೀಳುಗಳು ಸಾಧ್ಯ. ವ್ಯಾಪ್ತಿ ದುರ್ಬಲವಾದರೆ ಅನುಮಿತಿಯೂ ಕೆಡುವುದು. ಉರುಳೆಗಳ ನಡುವೆ ಹಾಯ್ದ ತಗಡಿನ ಬಲವು ಎಲ್ಲ ದಿಕ್ಕಿಗೂ ಸಮನಲ್ಲ. ಆದುದರಿಂದ ಅದರಿಂದ ಎಳೆದ ಬಟ್ಟಲಿನ ಬಾಯಿ ಕಿವಿಗಳಂತೆ ಏರಿಳಿಯುತ್ತದೆ. ರಾಡ್ನಿ ಹಿಲ್ ಎಂಬ ವಿದ್ವಾಂಸನು 1948ರಲ್ಲಿ ಇದಕ್ಕೊಂದು ಸೂತ್ರವನ್ನು ಕೊಟ್ಟನು. ಅದು ನಾಲ್ಕು ಕಿವಿಗಳವರೆಗೆ ಮಾತ್ರ ಹೇಳಬಲ್ಲುದು. ಕೆಲವು ಅಲ್ಯೂಮಿನಿಯಂ ತಗಡುಗಳಲ್ಲಿಯಾದರೋ ಆರೋ ಎಂಟೋ ಕಿವಿಗಳು ಏಳುತ್ತವೆ. ಯಂತ್ರವು ತೋರಿಸುವ ಚಿತ್ರವು ಎಷ್ಟೇ ಸ್ಫುಟವಾಗಿದ್ದರೂ ಸೂತ್ರದಲ್ಲಿಲ್ಲದ ಕಿವಿಯು ಅದರಲ್ಲಿ ಮೂಡದು. ‘ಅನುಕರಣ’ವೆಂದು ಕಲಿತ ವಿದ್ಯಾರ್ಥಿಯು ಆ ಚಿತ್ರವನ್ನು ನಿಜದ ಪಡಿಯಚ್ಚೆಂದು ನಂಬುವನು, ‘ಅನುಮಿತಿ’ಯೆಂದು ಕಲಿತವನು ಹೇತುವೇನೆಂದು ಕೇಳುವನು. ಶಬ್ದಭೇದದಿಂದ ಬುದ್ಧಿಭೇದವಾಗುವುದು ಹೀಗೆ.

‘ಅನುಮಾನ’ವೆಂದೇ ಏಕೆ ಹೇಳಬಾರದು ಎಂದರೆ, ಕನ್ನಡದಲ್ಲಿ ಆ ಶಬ್ದವು ಸಂಶಯದ ಅರ್ಥಕ್ಕೆ ತಿರುಗಿಬಿಟ್ಟಿದೆ. ‘ಅನುಮಿತಿ’ಗೆ ಆ ಕಳಂಕವಿಲ್ಲ. ಕಾಲಕ್ರಮದಲ್ಲಿ ನಡೆಯುವ ಕ್ರಿಯೆಯನ್ನು ಹಂತಹಂತವಾಗಿ ತೋರಿಸುವ ಅಂಶವು ಇದರಲ್ಲಿ ಬಾರದೆಂಬ ಆಕ್ಷೇಪವು ನ್ಯಾಯವೇ. ಆದರೆ ‘ಅನುಕರಣ’ದಲ್ಲಿಯೂ ಅದು ಸ್ಫುಟವಾಗಿಲ್ಲ. ‘ಗಣಕಾನುಮಿತಿ’ ಎಂಬ ಸಮಾಸವು ಉಚ್ಚಾರಕ್ಕೆ ತೊಡಕಲ್ಲ, ಅರ್ಥಕ್ಕೆ ಮೋಸವಿಲ್ಲ. ತಗಡು, ಅಚ್ಚು, ನೆರಿಗೆ, ಸೀಳು ಎಂಬ ಕಮ್ಮಾರನ ಮಾತುಗಳ ಪಕ್ಕದಲ್ಲಿ ತಾರ್ಕಿಕನ ಈ ಒಂದು ಮಾತು ಕುಳಿತರೆ ಶಾಸ್ತ್ರಕ್ಕೂ ಭಾಷೆಗೂ ಲಾಭವೇ ಹೊರತು ಹಾನಿಯಿಲ್ಲ.