ನೆರೆಯರಸರ ಮೈತ್ರಿ: ಒಂದು ಚಂಪೂಕಾವ್ಯವೂ ಒಬ್ಬ ಯಾತ್ರಿಕನ ಪತ್ರಗಳೂ

ಸಣ್ಣ ರಾಜ್ಯಗಳ ಚರಿತ್ರೆಯನ್ನು ಬರೆಯುವುದು ಸಾಮ್ರಾಜ್ಯಗಳ ಚರಿತ್ರೆಯನ್ನು ಬರೆಯುವುದಕ್ಕಿಂತ ಕಷ್ಟವಾದ ಕೆಲಸ. ಸಾಮ್ರಾಜ್ಯಕ್ಕೆ ತನ್ನದೇ ಆದ ನಡೆಯೊಂದುಂಟು. ಸಣ್ಣ ರಾಜ್ಯವಾದರೋ ನೆರೆಯವರ ನಡೆಯನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು. ಆದುದರಿಂದ ಅದು ಯಾರೊಡನೆ ಕಾದಿತೆಂಬುದಕ್ಕಿಂತ ಯಾರೊಡನೆ ಕೂಡಿತು, ಏನನ್ನು ಕೊಟ್ಟು ಕೂಡಿತು, ಎಷ್ಟು ಕಾಲ ಕೂಡಿತ್ತು ಎಂಬುದೇ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ತುಳುನಾಡಿಗೆ ಸಂಬಂಧಿಸಿದ ಎರಡು ಗ್ರಂಥಗಳನ್ನು ಎದುರುಬದುರಾಗಿ ಓದಿದರೆ ಫಲವುಂಟು. ಒಂದು, ಹದಿನೆಂಟನೆಯ ಶತಮಾನದ ಲಿಂಗಣ್ಣಕವಿಯ ‘ಕೆಳದಿನೃಪವಿಜಯಂ’ ಎಂಬ ಚಂಪೂಕಾವ್ಯ. ಇನ್ನೊಂದು, ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆಯು ನೇಪಲ್ಸಿನಲ್ಲಿದ್ದ ತನ್ನ ಮಿತ್ರ, ವೈದ್ಯ ಮಾರಿಯೊ ಸ್ಕಿಪಾನೊನಿಗೆ ಬರೆದ ಪತ್ರಗಳು.

ಈ ಎರಡನೆಯ ಗ್ರಂಥದ ಕರ್ತನು ೧೬೨೩ನೆಯ ಇಸವಿಯ ಕೊನೆಯಲ್ಲಿ ಮಂಗಳೂರಿಗೆ ಬಂದು, ಕದಿರೆಗೆ ಹೋಗಿ, ಅಲ್ಲಿಯ ದೇವಾಲಯವನ್ನೂ ಜೋಗಿಗಳ ಅರಸನನ್ನೂ ಕಂಡವನು. ಆ ಕದಿರೆಗೆ ಹೊಂದಿಕೊಂಡಿರುವ ಬಿಜೈ ಇಂದು ನಗರದ ಜನಸಂಕುಲವಾದ ಭಾಗ. ಬಂಗರು, ಕೆಳದಿಯ ನಾಯಕರು, ಹೈದರಾಲಿ, ಟೀಪು, ಇಂಗ್ಲಿಷ್ ಕಂಪೆನಿಯವರು ಎಂಬ ಐವರು ಒಡೆಯರನ್ನು ಸುಮಾರು ಇನ್ನೂರು ವರ್ಷಗಳೊಳಗೆ ಕಂಡ ನೆಲವಿದು. ಇಲ್ಲಿಯೇ ೧೯೬೦ರಲ್ಲಿ ತೆರೆಯಲ್ಪಟ್ಟ ಶ್ರೀಮಂತೀ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವು ಜಿಲ್ಲೆಯ ಹಳೆಯ ಕಾಲದ ಕುರುಹುಗಳನ್ನು ಕಾಪಾಡಿಕೊಂಡು ಬಂದಿದೆ. ಆದರೆ ಕಲ್ಲೂ ನಾಣ್ಯವೂ ಯಾರು ಆಳಿದರೆಂಬುದನ್ನು ಮಾತ್ರ ಹೇಳಬಲ್ಲವು. ನೆಲವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏಕೆ ಜಾರಿತೆಂಬುದನ್ನು ಗ್ರಂಥಗಳೇ ಹೇಳಬೇಕು.

೧೫೬೫ರಲ್ಲಿ ವಿಜಯನಗರವು ಮುರಿದ ಮೇಲೆ ಕರಾವಳಿಯಲ್ಲಿ ಮೇಲೊಬ್ಬ ದೊರೆಯ ಅಂಕೆಯು ತಪ್ಪಿತು. ಬಂಗರು, ಚೌಟರು, ಅಜಿಲರು, ಸಾವಂತರು, ಕಾರ್ಕಳದ ಭೈರರಸರು, ಹೀಗೆ ಹಲವು ಮನೆತನಗಳು ಒಂದೊಂದು ಹೊಳೆಯ ಬಯಲನ್ನು ಹಿಡಿದುಕೊಂಡಿದ್ದುವು. ಕಡಲಿನ ಕಡೆಯಿಂದ ಪೋರ್ತುಗೀಜರು ಬಂದು ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿದರು. ಘಟ್ಟದ ಮೇಲಿನಿಂದ ಕೆಳದಿಯ ನಾಯಕರ ಬಲವು ಇಳಿದುಬರುತ್ತಿತ್ತು. ಈ ಎರಡು ಶಕ್ತಿಗಳ ನಡುವಿನ ಸಣ್ಣ ಅರಸರಿಗೆ ಮೈತ್ರಿಯೇ ಕೋಟೆ, ಮೈತ್ರಿಯೇ ಸೇನೆ. ವಿವಾಹವೂ ಒಂದು ಬಗೆಯ ಮೈತ್ರಿಯೇ ಆಗಿದ್ದಿತು. ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣು ಮದುವೆಯಾದರೂ ತನ್ನ ಮನೆತನವನ್ನು ಬಿಡುವುದಿಲ್ಲ. ಆದುದರಿಂದ ಅರಸನೂ ರಾಣಿಯೂ ದಂಪತಿಗಳಾದಾಗ ಎರಡು ರಾಜ್ಯಗಳು ಒಂದಾಗುತ್ತಿರಲಿಲ್ಲ, ಅವುಗಳ ನಡುವೆ ಒಂದು ಒಪ್ಪಂದ ಮಾತ್ರ ಏರ್ಪಡುತ್ತಿತ್ತು.

ದೆಲ್ಲಾ ವಾಲ್ಲೆಯು ಈ ಅಂಶವನ್ನು ಸ್ಪಷ್ಟವಾಗಿ ಗುರುತಿಸಿದ್ದಾನೆ. ಬಂಗರಸನೂ ಉಳ್ಳಾಲದ ರಾಣಿಯೂ ಗಂಡಹೆಂಡಿರಾಗಿದ್ದರೂ ಬೇರೆ ಬೇರೆಯಾಗಿಯೇ ತಂತಮ್ಮ ಸೀಮೆಗಳಲ್ಲಿ ಇರುತ್ತಿದ್ದರೆಂದೂ, ಗಡಿಯ ಹೊಳೆಯಲ್ಲಿ ದೋಣಿಗಳ ಮೇಲೆ ಡೇರೆ ಹಾಕಿಸಿ ಅಲ್ಲಿ ಕೂಡುತ್ತಿದ್ದರೆಂದೂ ಅವನು ತಿಳಿಸುತ್ತಾನೆ. ಮುಂದೆ ಇಬ್ಬರಿಗೂ ವಿರಸವುಂಟಾಗಲು, ರಾಣಿಯು ಪತಿಯು ಕೊಟ್ಟ ಒಡವೆಗಳನ್ನು ಹಿಂದಿರುಗಿಸಿ ಸಂಬಂಧವನ್ನು ಕಡಿದುಕೊಂಡಳು. ಬಂಗನು ಇದನ್ನು ಅಪಮಾನವೆಂದೆಣಿಸಿ, ದೋಣಿಗಳನ್ನು ಹೊಂಚಿನಲ್ಲಿಟ್ಟು, ಹೊಳೆಯಲ್ಲಿ ವಿಹಾರಕ್ಕೆ ಬಂದ ರಾಣಿಯನ್ನು ಹಿಡಿಸಿದನು. ಅವಳು ಸವಿಮಾತಿನಿಂದ ಬಿಡಿಸಿಕೊಂಡು ತನ್ನ ನೆಲವನ್ನು ಸೇರಿದವಳೇ ಯುದ್ಧಕ್ಕೆ ನಿಂತಳು. ಬಂಗನು ಪೋರ್ತುಗೀಜರ ನೆರವನ್ನು ಬೇಡಿದನು. ರಾಣಿಯು ಕೆಳದಿಯ ವೆಂಕಟಪ್ಪನಾಯಕನನ್ನು ಕರೆದಳು. ನಾಯಕನು ಇಂತಹ ಕರೆಗಾಗಿಯೇ ಕಾದಿದ್ದವನಂತೆ ಸೇನೆಯನ್ನಿಳಿಸಿದನು. ೧೬೧೮ರ ಸುಮಾರಿನ ಈ ಕಾಳಗದಲ್ಲಿ ಬಂಗನೂ ಪೋರ್ತುಗೀಜರೂ ಸೋತರು. ಬಂಗನ ಕೋಟೆಯು ನೆಲಸಮವಾಯಿತು. ಅವನು ತೆಂಕಣಕ್ಕೆ ಓಡಿಹೋದನು.

ಈ ವೃತ್ತಾಂತವು ಯಾತ್ರಿಕನ ಗ್ರಂಥದಲ್ಲಿ ಕಥೆಗಾಗಿ ಬಂದ ಕಥೆಯಲ್ಲ. ಗೋವೆಯ ಪೋರ್ತುಗೀಜ್ ಸರಕಾರವು ಬಂಗನನ್ನು ಮರಳಿ ನೆಲೆಗೊಳಿಸಬೇಕೆಂದು ಕೇಳಲು ಇಕ್ಕೇರಿಗೆ ರಾಯಭಾರಿಯನ್ನು ಕಳುಹಿಸಿದಾಗ ದೆಲ್ಲಾ ವಾಲ್ಲೆಯು ಆ ಪರಿವಾರದ ಜೊತೆಯಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಾಗಿ ಘಟ್ಟವನ್ನು ಹತ್ತಿದನು. ರಾಯಭಾರದ ಹಿನ್ನೆಲೆಯಲ್ಲಿ ಇದ್ದುದು ಮೆಣಸು. ಯೂರೋಪಿಗೆ ಹೋಗುವ ಹಡಗುಗಳನ್ನು ತುಂಬುವುದಕ್ಕೆ ಪೋರ್ತುಗೀಜರಿಗೆ ನಾಯಕನ ಮೆಣಸು ಬೇಕಾಗಿದ್ದಿತು. ಅದಕ್ಕೆ ಹಿಂದಿನ ವರ್ಷ, ೧೬೨೨ರಲ್ಲಿ, ಪಾರಸೀಕರು ಇಂಗ್ಲಿಷರ ಸಹಾಯದಿಂದ ಹೊರ್ಮುಜನ್ನು ಗೆದ್ದುಕೊಂಡಿದ್ದರಿಂದ ಪೋರ್ತುಗೀಜರ ಹೆಮ್ಮೆಗೂ ಬಲಕ್ಕೂ ದೊಡ್ಡ ಪೆಟ್ಟು ಬಿದ್ದಿತ್ತು. ಸೋತ ಮಿತ್ರನಿಗಾಗಿ ಮೆಣಸಿನ ಒಡೆಯನೊಡನೆ ಹಗೆ ಕಟ್ಟಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬಂಗನಿಗೆ ರಾಜ್ಯವು ಮರಳಿ ಬರಲಿಲ್ಲ. ದೂರದ ಮಿತ್ರನ ಮಾತು ಅವನ ಸ್ವಂತ ಲಾಭದ ಗಡಿಯಲ್ಲಿ ನಿಂತುಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಗ್ರಂಥಕರ್ತನ ಮುಖ್ಯವಾದ ಗುಣವೆಂದರೆ ಬಿರುದುಗಳಿಗೆ ಮರುಳಾಗದಿರುವುದು. ವೆಂಕಟಪ್ಪನಾಯಕನನ್ನು ಮಹಾರಾಜನೆಂದು ಕರೆಯಲು ಅವನು ಒಪ್ಪುವುದಿಲ್ಲ. ಹಿಂದೆ ವಿಜಯನಗರದ ಅಧೀನನಾಗಿದ್ದು ಸ್ವತಂತ್ರನಾದ ಒಬ್ಬ ನಾಯಕನೆಂದೇ ಎಣಿಸುತ್ತಾನೆ. ಪೋರ್ತುಗೀಜರು ಸಣ್ಣಪುಟ್ಟ ಒಡೆಯರನ್ನೆಲ್ಲ ರಾಜರೆಂದು ಕರೆಯುವುದು ತಮ್ಮ ವ್ಯವಹಾರಕ್ಕೆ ದೊಡ್ಡಸ್ತಿಕೆಯನ್ನು ತಂದುಕೊಳ್ಳುವುದಕ್ಕಾಗಿ ಎಂಬುದನ್ನೂ ಮರೆಯುವುದಿಲ್ಲ. ಮಕ್ಕಳು ಮರಳಿನ ಮೇಲೆ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಅವನು ವರ್ಣಿಸಿದ ಭಾಗವು ಬಹುಮಂದಿಗೆ ಪರಿಚಿತ. ಅದೇ ಕಣ್ಣು ರಾಜಕಾರ್ಯದ ಕಡೆಗೂ ಹೊರಳಿದೆಯೆಂಬುದನ್ನು ಓದುಗರು ಅಷ್ಟಾಗಿ ಗಮನಿಸಿಲ್ಲ.

ದೋಷಗಳೂ ಇಲ್ಲದಿಲ್ಲ. ಅವನು ಕೇಳಿದ ಸುದ್ದಿಯಲ್ಲಿ ಹೆಚ್ಚಿನದು ಪೋರ್ತುಗೀಜರ ಬಾಯಿಂದ ಬಂದದ್ದು. ಮಣೇಲಿನ ಬೀದಿಯಲ್ಲಿ, ಅಗೆತದ ಕೆಲಸವನ್ನು ನೋಡಲು ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದ ರಾಣಿಯನ್ನು ಕಂಡಾಗ ಅವಳ ಮೈಬಣ್ಣವನ್ನೂ ಒರಟು ಬಿಳಿಯ ಅರಿವೆಯನ್ನೂ ನೋಡಿ ಅವನ ಮನಸ್ಸು ಅಡಿಗೆಯವಳ ಹೋಲಿಕೆಗೆ ಇಳಿಯುತ್ತದೆ. ಸ್ಪೇನಿನ ದೊರೆಯ ದಂಡನ್ನು ಸೋಲಿಸಿದವಳು ಇವಳೇ ಎಂದು ಬೆರಗಾಗುತ್ತಾನೆ. ಯೂರೋಪಿನ ಆಸ್ಥಾನಗಳ ವೈಭವವನ್ನೇ ಅಳತೆಗೋಲಾಗಿ ಹಿಡಿದವನ ಕೊರತೆಯಿದು. ಆದರೂ ಅವಳು ಮಾತಾಡಿದ ಕೂಡಲೇ ಅವಳ ಇಂಪಾದ ದನಿಯನ್ನೂ ವಿವೇಕವನ್ನೂ ಮೆಚ್ಚಿ ಬರೆಯುವಷ್ಟು ಪ್ರಾಮಾಣಿಕತೆ ಅವನಲ್ಲಿದೆ. ತನ್ನ ತಪ್ಪು ಎಣಿಕೆಯನ್ನೂ ಅದರ ತಿದ್ದುಪಡಿಯನ್ನೂ ಒಂದೇ ಪುಟದಲ್ಲಿ ಉಳಿಸಿದ ಲೇಖಕನನ್ನು ಓದುಗನು ನಂಬಬಹುದು.

ಇನ್ನು ಲಿಂಗಣ್ಣಕವಿಯ ಕಡೆಗೆ ಬಂದರೆ, ಅವನ ಕಾವ್ಯವನ್ನು ಈ ಪತ್ರಗಳ ಅಳತೆಯಿಂದ ತೂಗುವುದು ಅನ್ಯಾಯವೇ ಸರಿ. ಅವನು ರಾಜವಂಶದ ಕವಿ, ಚಂಪೂಮಾರ್ಗದಲ್ಲಿ ನಡೆದವನು, ದಿಗ್ವಿಜಯವರ್ಣನೆಯು ಆ ಮಾರ್ಗದ ಧರ್ಮ. ಅಷ್ಟಿದ್ದರೂ ಪಟ್ಟಾಭಿಷೇಕಗಳ ಕಾಲವನ್ನು ಶಕವರ್ಷಸಹಿತವಾಗಿ ಹೇಳುವುದರಲ್ಲಿಯೂ, ಕೋಟೆ, ಗುಡಿ, ಅಗ್ರಹಾರಗಳ ವಿವರವನ್ನು ಕೊಡುವುದರಲ್ಲಿಯೂ ಅವನು ಇತಿಹಾಸಕಾರರಿಗೆ ಮಾಡಿದ ಉಪಕಾರವು ಸಣ್ಣದಲ್ಲ. ಆದರೆ ಇಂತಹ ಕಾವ್ಯದ ದೃಷ್ಟಿಯಲ್ಲಿ ನೆರೆಯರಸನಿಗೆ ಎರಡೇ ಅವಸ್ಥೆಗಳುಂಟು: ಒಂದೋ ಅವನು ಗರ್ವಿತನಾದ ಶತ್ರು, ಇಲ್ಲವೋ ಕಪ್ಪವನ್ನು ತರುವ ಅಧೀನ. ಹೆದರಿ ಕೂಡುವವನು, ಕೋಪದಿಂದ ಕೂಡುವವನು, ಎರಡು ಕಡೆಗೂ ಕೈಚಾಚಿಕೊಂಡಿರುವವನು, ಇಂಥವರಿಗೆ ಅಲ್ಲಿ ಎಡೆಯಿಲ್ಲ. ಕರಾವಳಿಯ ಅರಸರಾದರೋ ಬಹುಮಟ್ಟಿಗೆ ಇಂಥವರೇ.

ಈ ಕಾವ್ಯವನ್ನು ೧೯೨೧ರಲ್ಲಿ ಮೈಸೂರಿನಲ್ಲಿ ಸಂಪಾದಿಸಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಲೋಕಕ್ಕೆ ಕೊಟ್ಟವರೂ ಅವರೇ. ಆ ಎರಡು ಗ್ರಂಥಗಳನ್ನು ಜೊತೆಯಾಗಿ ಓದಬೇಕಾದ ಕಾರಣವೊಂದು ಇಲ್ಲಿದೆ. ಗಡಿಗೆ ಹತ್ತಿದವನು ಅರಿ, ಅವನ ಆಚೆಯವನು ಮಿತ್ರ ಎಂಬುದು ಕೌಟಿಲ್ಯನ ಮಂಡಲದ ಮೊದಲ ಪಾಠ. ಉಳ್ಳಾಲದ ರಾಣಿಯು ಈ ಪಾಠದಂತೆಯೇ ನಡೆದಳು: ಗಡಿಯ ಬಂಗನು ಅರಿಯಾದನು, ಆಚೆಯ ನಾಯಕನು ಮಿತ್ರನಾದನು. ಆದರೆ ಪಾಠದಲ್ಲಿ ಅಡಗಿರುವ ಉತ್ತರಾರ್ಧವೊಂದುಂಟು. ನಡುವಿನ ಅರಿಯು ಅಳಿದ ದಿನವೇ ಆಚೆಯ ಮಿತ್ರನು ಗಡಿಗೆ ಹತ್ತಿದವನಾಗುತ್ತಾನೆ. ಬಂಗನ ಕೋಟೆ ಬಿದ್ದಾಗ ಉಳ್ಳಾಲಕ್ಕೆ ಗೆಲವು ಬಂದಿತು ನಿಜ. ಅದರೊಡನೆ ಬಂಗನಿಗಿಂತ ಎಷ್ಟೋ ಮಡಿ ಬಲಿಷ್ಠನಾದ ನೆರೆಯವನೂ ಬಂದನು. ೧೬೫೦ರ ದಶಕದಲ್ಲಿ ಶಿವಪ್ಪನಾಯಕನು ಪೋರ್ತುಗೀಜರನ್ನು ಕರಾವಳಿಯ ಕೋಟೆಗಳಿಂದ ಹೊರಡಿಸಿದ ಮೇಲೆ ಸಣ್ಣ ಅರಸರಿಗೆ ಒಬ್ಬರ ವಿರುದ್ಧ ಇನ್ನೊಬ್ಬರನ್ನು ಕರೆಯುವ ಅವಕಾಶವೂ ತಪ್ಪಿಹೋಯಿತು. ಆ ಕೆಳದಿಯಾದರೂ ೧೭೬೩ರಲ್ಲಿ ಹೈದರಾಲಿಯ ಪಾಲಾಯಿತು.

ಈ ಉತ್ತರಾರ್ಧವೇ ಉಳ್ಳಾಲದ ರಾಣಿಯನ್ನು ಕುರಿತ ಆಧುನಿಕ ಸಾಹಿತ್ಯದಲ್ಲಿ ಕಾಣೆಯಾಗಿರುವುದು. ಅಬ್ಬಕ್ಕನ ಹೆಸರು ಇಂದು ನಾಡಿನ ಹೆಮ್ಮೆಯಾಗಿದೆ. ೨೦೧೨ರಲ್ಲಿ ಕರಾವಳಿ ಕಾವಲು ಪಡೆಯ ನೌಕೆಯೊಂದಕ್ಕೂ ಆ ಹೆಸರನ್ನಿಟ್ಟರು. ಹೆಮ್ಮೆಗೆ ಕಾರಣವುಂಟು, ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ನಾಟಕಗಳಲ್ಲಿಯೂ ಜನಪ್ರಿಯ ಚರಿತ್ರೆಗಳಲ್ಲಿಯೂ ಕಾಣುವ ಕ್ರಮವು ವಿಚಾರಾರ್ಹವಾಗಿದೆ. ಅಲ್ಲಿ ಹಲವು ರಾಣಿಯರು ಒಬ್ಬಳಾಗುತ್ತಾರೆ. ೧೫೬೮ರ ದಾಳಿಯನ್ನು ಎದುರಿಸಿದ ರಾಣಿಯೇ ೧೬೨೩ರಲ್ಲಿ ಮಣೇಲಿನ ಬೀದಿಯಲ್ಲಿ ನಡೆದಳೆಂದರೆ ಅವಳ ವಯಸ್ಸು ಎಪ್ಪತ್ತನ್ನು ಮೀರಿರಬೇಕು. ಕಣ್ಣಾರೆ ಕಂಡ ಯಾತ್ರಿಕನಾದರೋ ನಲವತ್ತರ ಸುಮಾರೆಂದು ಊಹಿಸಿದ್ದಾನೆ. ಪತಿಯಾದ ಬಂಗನು ಕೇವಲ ದ್ರೋಹಿಯಾಗುತ್ತಾನೆ. ಅಳಿಯಸಂತಾನದ ಕಟ್ಟಿನಲ್ಲಿ ಅವನೂ ತನ್ನ ಮನೆತನಕ್ಕೆ ಬದ್ಧನಾಗಿದ್ದವನೆಂಬುದು ಮರೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಯಕನ ನೆರವು ಮಿತ್ರನ ಉದಾರತೆಯಾಗಿ ತೋರುತ್ತದೆ. ಅದರ ಬೆಲೆಯನ್ನು ಯಾವ ಪಾತ್ರವೂ ಕೇಳುವುದಿಲ್ಲ. ಇದರಿಂದ ರಾಣಿಯ ಘನತೆ ಹೆಚ್ಚಿತೆಂದು ಹೇಳಲಾಗದು. ಎರಡು ಅಪಾಯಗಳಲ್ಲಿ ಒಂದನ್ನು ತಿಳಿದು ತಿಳಿದೇ ಆರಿಸಿಕೊಂಡವಳು, ಅಪಾಯವನ್ನೇ ಕಾಣದೆ ಕತ್ತಿಯನ್ನೆತ್ತಿದವಳಿಗಿಂತ ದೊಡ್ಡ ಪಾತ್ರ. ಕುಮಾರವ್ಯಾಸನ ಉದ್ಯೋಗಪರ್ವವನ್ನು ಮನೆಮನೆಗಳಲ್ಲಿ ಓದಿಸಿ ಕೇಳಿದ ನಾಡಿಗೆ, ಸಂಧಿಯ ಮಾತಿನಲ್ಲಿಯೂ ಯುದ್ಧದಷ್ಟೇ ರಸವಿದೆಯೆಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಈ ವಿಚಾರವು ತುಳುನಾಡಿನ ಹಳೆಯ ಕಥೆಯಲ್ಲಿಯೇ ಮುಗಿಯುವುದಿಲ್ಲ. ಭಾರತದ ಸುತ್ತಲಿನ ದೇಶಗಳು ೧೯೮೫ರಲ್ಲಿ ಢಾಕಾದಲ್ಲಿ ಸಾರ್ಕ್ ಸಂಘವನ್ನು ಸ್ಥಾಪಿಸಿಕೊಂಡುವು. ೨೦೧೪ರ ಕಾಠ್ಮಂಡು ಸಮ್ಮೇಳನದ ತರುವಾಯ ಅವುಗಳ ನಾಯಕರ ಮುಂದಿನ ಸಮ್ಮೇಳನವು ೨೦೧೬ರಲ್ಲಿ ನಡೆಯಬೇಕಾಗಿದ್ದುದು ನಿಂತುಹೋಯಿತು. ಸಾಲದ ಭಾರಕ್ಕೆ ಸಿಕ್ಕಿದ ಶ್ರೀಲಂಕೆಯು ೨೦೧೭ರಲ್ಲಿ ಹಂಬನ್‌ತೋಟ ಬಂದರನ್ನು ೯೯ ವರ್ಷಗಳ ಗೇಣಿಗೆ ಚೀನಾದ ಕಂಪೆನಿಯೊಂದಕ್ಕೆ ಬಿಟ್ಟುಕೊಟ್ಟಿತು. ೧೯೮೮ರಲ್ಲಿ ಭಾರತದ ಸೇನೆಯನ್ನು ಕರೆದು ಬಂಡಾಯವನ್ನು ಅಡಗಿಸಿಕೊಂಡ ಮಾಲ್ದೀವ್ ೨೦೨೪ರಲ್ಲಿ ತನ್ನ ನೆಲದಲ್ಲಿದ್ದ ಭಾರತೀಯ ಯೋಧರನ್ನು ಹಿಂದಕ್ಕೆ ಕಳುಹಿಸಿತು. ಶ್ರೀಲಂಕೆಯಲ್ಲಿ ೨೦೨೨ರಲ್ಲಿಯೂ, ಬಾಂಗ್ಲಾದೇಶದಲ್ಲಿ ೨೦೨೪ರಲ್ಲಿಯೂ, ನೇಪಾಳದಲ್ಲಿ ೨೦೨೫ರಲ್ಲಿಯೂ ಜನರ ಸಿಟ್ಟಿಗೆ ಸರಕಾರಗಳು ಉರುಳಿದುವು. ಒಳಗೆ ನೆಲೆಯಿಲ್ಲದ ರಾಜ್ಯವು ಹೊರಗೆ ಮಾಡಿಕೊಂಡ ಮೈತ್ರಿಯು ಒಬ್ಬ ಆಳುವವನ ಮೈತ್ರಿಯಾಗಿ ನಿಲ್ಲುತ್ತದೆಯೇ ಹೊರತು ನಾಡಿನ ಮೈತ್ರಿಯಾಗುವುದಿಲ್ಲ. ಅವನು ಹೋದಾಗ ಅದೂ ಅಲುಗುತ್ತದೆ. ಬಂಗನಿಗೂ ರಾಣಿಗೂ ಆದ ಒಪ್ಪಂದವು ಒಡವೆಗಳ ಪೆಟ್ಟಿಗೆಯೊಡನೆ ಹಿಂದಿರುಗಿದಂತೆಯೇ ಇದು.

ಆದುದರಿಂದ ಕರಾವಳಿಯ ಚರಿತ್ರೆಯನ್ನು ಕುರಿತು ಬರೆಯುವವರು ಎರಡು ಬಗೆಯ ಗ್ರಂಥಗಳನ್ನೂ ಕೈಯಲ್ಲಿ ಹಿಡಿಯಬೇಕಾಗಿದೆ. ವಂಶದ ಕ್ರಮಕ್ಕೂ ಕಾಲನಿರ್ಣಯಕ್ಕೂ ಲಿಂಗಣ್ಣನು ಬೇಕು; ವಂಶಗಳ ನಡುವಿನ ಕೊಡುಕೊಳ್ಳುವಿಕೆಗೆ ದೆಲ್ಲಾ ವಾಲ್ಲೆಯು ಬೇಕು. ಹಕ್ಲ್ಯೂಟ್ ಸಂಘದವರು ೧೮೯೨ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಅವನ ಎರಡು ಸಂಪುಟಗಳು ಪುಸ್ತಕಭಂಡಾರಗಳಲ್ಲಿ ದೊರೆಯುತ್ತವೆ, ಎಚ್. ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳು ವಿದೇಶೀ ಯಾತ್ರಿಕರ ಬರಹಗಳನ್ನು ಕನ್ನಡದ ಓದುಗರಿಗೆ ತಂದುಕೊಟ್ಟಿವೆ. ಸಾಮಗ್ರಿಗೆ ಕೊರತೆಯಿಲ್ಲ, ಅದನ್ನು ಬಳಸುವ ಧೈರ್ಯ ಮಾತ್ರ ಬೇಕು. ರಾಣಿಯ ನಾಟಕವು ಸಾಮಾನ್ಯವಾಗಿ ಗೆಲವಿನ ಕಹಳೆಯೊಡನೆ ಮುಗಿಯುತ್ತದೆ. ಅದು ಮುಗಿಯಬೇಕಾದ ಸ್ಥಳವು ಮಣೇಲಿನ ಬೀದಿ: ಶತ್ರುವು ಓಡಿಹೋಗಿದ್ದಾನೆ, ಅವನ ಕೋಟೆಯಿದ್ದಲ್ಲಿ ಮಿತ್ರನ ಬಲವು ಬೀಡುಬಿಟ್ಟಿದೆ, ರಾಣಿಯು ಬರಿಗಾಲಿನಲ್ಲಿ ತನ್ನ ನೆಲದ ಅಗೆತವನ್ನು ನೋಡಲು ಹೊರಟಿದ್ದಾಳೆ.