ಬೆಳಕು ಯಾರದು, ಕಾಣುವುದು ಏನು?

ಮೈಸೂರು ಅರಮನೆಯ ದೀಪಾಲಂಕಾರವನ್ನು ಚಿತ್ರದಲ್ಲಾದರೂ ನೋಡದ ಕನ್ನಡಿಗರು ವಿರಳ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡಾಗ ಆ ಕಟ್ಟಡದ ಕಮಾನು, ಗುಮ್ಮಟ, ಗೋಪುರಗಳ ಅಂಚುಗಳು ಕತ್ತಲಲ್ಲಿ ಎದ್ದು ನಿಲ್ಲುತ್ತವೆ. ಅಲ್ಲಿ ಬೆಳಕು ಕಟ್ಟಡದ ಮೇಲೆ ಹೊಸತೇನನ್ನೂ ಬರೆಯುವುದಿಲ್ಲ, ಕಟ್ಟಡವನ್ನೇ ಓದಿ ಹೇಳುತ್ತದೆ. ಆದರೆ ಅದು ಅರಮನೆಯ ಬೆಳಕು. ಪ್ರಜೆ ಅಂಗಳದಲ್ಲಿ ನಿಂತು ನೋಡುತ್ತಾನೆ, ಅಷ್ಟೇ.

ಮಂಗಳೂರು ದಸರಾದ ಬೆಳಕಿನ ಕಥೆ ಬೇರೆ. ಮೈಸೂರಿನ ಅರಮನೆ ಪೂರ್ಣಗೊಂಡ 1912ರಲ್ಲೇ ಇಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ದೇವಸ್ಥಾನಗಳ ಹೊರಗೆ ನಿಲ್ಲಿಸಲ್ಪಟ್ಟಿದ್ದ ಬಿಲ್ಲವರಿಗೆ ಅದೊಂದು ಬಾಗಿಲು. 1991ರಲ್ಲಿ ಕ್ಷೇತ್ರ ನವೀಕರಣಗೊಂಡ ಬಳಿಕ ಇಲ್ಲಿಯ ದಸರಾ ನಗರದ ಹಬ್ಬವಾಗಿ ಬೆಳೆಯಿತು. ಮಣ್ಣಗುಡ್ಡ, ಲೇಡಿಹಿಲ್, ಲಾಲ್‌ಬಾಗ್, ಹಂಪನಕಟ್ಟೆ ಎಂದು ಮೆರವಣಿಗೆಯ ದಾರಿಯುದ್ದಕ್ಕೂ ದೀಪಗಳು ತೂಗುತ್ತವೆ. ಬೀದಿಯಿಂದ ದೂರ ಇಡಲ್ಪಟ್ಟವರು ಬೀದಿಯನ್ನೇ ಬೆಳಗಿಸಿದ್ದು ಇದರ ನಿಜವಾದ ಸೊಬಗು. ನೋಡುವವನು ಇಲ್ಲಿ ಅಂಗಳದಲ್ಲಿ ನಿಲ್ಲುವುದಿಲ್ಲ, ಬೆಳಕಿನ ಒಳಗೇ ನಡೆಯುತ್ತಾನೆ. ಆ ಜನಸಾಗರದಲ್ಲಿ ಯಾರ ಜಾತಿ ಯಾವುದು, ಧರ್ಮ ಯಾವುದು ಎಂದು ದೀಪ ಕೇಳುವುದಿಲ್ಲ.

ಮೆಚ್ಚಬೇಕಾದ್ದನ್ನು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಈ ದೀಪಗಳಲ್ಲಿ ಸಂಖ್ಯೆಯಿದೆ, ಆಲೋಚನೆ ಕಡಿಮೆ. ಬಣ್ಣ ಬದಲಿಸಿ ಮಿನುಗುವ ಅದೇ ಸೀರಿಯಲ್ ಸೆಟ್ ಅಂಗಡಿಯ ಮೇಲೂ ಇದೆ, ಮರದ ಮೇಲೂ ಇದೆ. ಮೀಲಾದ್ ಬಂದಾಗ ಮಸೀದಿಯ ಬೀದಿಗೂ, ಕ್ರಿಸ್ಮಸ್ ಬಂದಾಗ ಇಗರ್ಜಿಯ ಎದುರಿಗೂ ಅದೇ ಸೆಟ್. ಹಬ್ಬ ಬದಲಾದರೂ ಬೆಳಕು ಬದಲಾಗುವುದಿಲ್ಲ. ಯಾರ ಬೀದಿ ಹೆಚ್ಚು ಝಗಮಗಿಸಿತು ಎಂಬ ಪೈಪೋಟಿಯಲ್ಲಿ ಸೋಲುವುದು ಕಲೆ. ಬೆಳಕು ಸಂಭ್ರಮ ಹಂಚುವ ಬದಲು ಗಡಿ ಗುರುತಿಸತೊಡಗಿದರೆ ಸೋಲುವುದು ಊರು.

ದಾರಿ ದೂರದಲ್ಲಿಲ್ಲ. ಕುದ್ರೋಳಿಯ ಅಂಗಳದಲ್ಲೇ ಗೂಡುದೀಪ ಸ್ಪರ್ಧೆ ನಡೆಯುತ್ತದೆ. ಬಿದಿರ ಕಡ್ಡಿ, ಬಣ್ಣದ ಕಾಗದ, ಒಳಗೊಂದು ಪುಟ್ಟ ದೀಪ. ಅಲ್ಲಿ ಬೆಳಕಿಗಿಂತ ಮುಖ್ಯ ಅದನ್ನು ಹಿಡಿದಿಟ್ಟ ಕೈ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1852ರ ಡಿಸೆಂಬರ್ 8ರಂದು ಜನರು ತಮ್ಮ ಕಿಟಕಿಗಳಲ್ಲಿ ಹಣತೆ ಇಟ್ಟರು. ಅದೇ ಇಂದು ಇಡೀ ನಗರದ ಕಟ್ಟಡಗಳನ್ನು ಬೆಳಕಿನ ಕಲಾಕೃತಿಗಳಾಗಿಸುವ ಉತ್ಸವವಾಗಿದೆ. ಕಿಟಕಿಯ ಹಣತೆಯನ್ನು ಅವರು ಇನ್ನೂ ಬಿಟ್ಟಿಲ್ಲ ಎಂಬುದು ಗಮನಾರ್ಹ.

ಕೆಡವಿ ಮತ್ತೆ ಕಟ್ಟಿದ ಹಂಪನಕಟ್ಟೆಯ ಗಡಿಯಾರ ಗೋಪುರ ಯಾವ ಒಂದು ಸಮುದಾಯದ್ದೂ ಅಲ್ಲ. ನಮ್ಮ ಗೂಡುದೀಪದ ಕುಶಲಿಗರನ್ನು ಅಲ್ಲಿಗೆ ಕರೆದರೆ ಹೇಗೆ? ದಕ್ಕೆಯ ಮೀನುಗಾರನ, ಹೆಂಚಿನ ಕಾರ್ಖಾನೆಯ ಕೂಲಿಯ, ಬೀಡಿ ಕಟ್ಟುವ ತಾಯಿಯ ನೆನಪು ಒಂದಿರುಳು ಆ ಗೋಪುರದ ಮೇಲೆ ಬೆಳಗಲಿ. ಅದಕ್ಕೆ ಲಕ್ಷ ಬಲ್ಬು ಬೇಕಿಲ್ಲ. ಸುತ್ತಲಿನ ಒಂದಷ್ಟು ದೀಪಗಳನ್ನು ಆರಿಸಿದರೂ ನಡೆದೀತು. ಕತ್ತಲಿಗೆ ಸ್ವಲ್ಪ ಜಾಗ ಬಿಟ್ಟಾಗಲೇ ಬೆಳಕಿಗೂ ಅರ್ಥ ಬರುತ್ತದೆ.